ರಾಶಿ ಪಾಸು, ನೆತ್ತಿ ಫೇಲು

ಗಬ್ಬೂರಿನಿಂದ ಬಂದ ಆ ಹೆಣ್ಣುಮಗಳು ನಮ್ಮ ಪ್ರಯೋಗಾಲಯದ ಮೇಜಿನ ಮೇಲೆ ಮೆಣಸಿನಕಾಯಿಯ ಪೊಟ್ಟಣ ಇಟ್ಟದ್ದು, ಪಂಚರ ಮುಂದೆ ಮಗನನ್ನು ತಂದು ನಿಲ್ಲಿಸುವ ತಾಯಿಯ ಹಾಗಿತ್ತು. ಶಿಕ್ಷೆ ಕೊಡುವುದಿದ್ದರೆ ಕೊಡಿ, ಮೊದಲು ವಿಚಾರಣೆ ಮಾಡಿ ಎಂಬ ಮುಖ.

“ಸರ, ನಮ್ಮ ಕಾಯಿಗೆ ಬಣ್ಣ ಹಚ್ಚೀವಿ ಅಂತಾರ್ರೀ ಕಂಪನಿ ಮಂದಿ. ಮನಿ ಗ್ವಾಡಿಗೆ ಸುಣ್ಣ ಹಚ್ಚಾಕ ಪುರಸೊತ್ತಿಲ್ಲ ನಮಗ, ಕಾಯಿಗೆ ಬಣ್ಣ ಹಚ್ಕೋತ ಕುಂದರ್ತೀವೇನ್ರೀ?”

ದೇವದುರ್ಗ ತಾಲ್ಲೂಕಿನ ಆ ಊರಿನಲ್ಲಿ ಒಂದಷ್ಟು ಹೆಣ್ಣುಮಕ್ಕಳು ಸಂಘ ಕಟ್ಟಿ, ತಂತಮ್ಮ ಹೊಲದ ಮೆಣಸಿನಕಾಯಿಯನ್ನು ಒಂದೇ ಕಣಕ್ಕೆ ತಂದು ಒಂದೇ ರಾಶಿ ಮಾಡಿದ್ದರು. ಈಕೆ ಅದರ ಅಧ್ಯಕ್ಷೆ. ಮೊದಲ ಸಲ, ನಡುವೆ ದಲಾಲರಿಲ್ಲದೆ, ಮಸಾಲೆ ಪುಡಿಯ ಕಂಪನಿಯೊಂದಕ್ಕೆ ನೇರವಾಗಿ ಮಾರುವ ಮಾತಾಗಿತ್ತು. ಕಂಪನಿಯವರು ಮಾದರಿ ಒಯ್ದು ಪರೀಕ್ಷಿಸಿ, ಕಲಬೆರಕೆಗೆ ಬಳಸುವ ನಿಷಿದ್ಧ ಕೆಂಪು ಬಣ್ಣದ ಅನುಮಾನ ಇದೆ, ಇನ್ನೊಂದು ಕಡೆಯ ವರದಿ ತನ್ನಿ ಎಂದು ಖರೀದಿ ನಿಲ್ಲಿಸಿದ್ದರು. ಆ ಇನ್ನೊಂದು ಕಡೆ ಎಂದರೆ ರಾಯಚೂರಿನ ಸರಕಾರಿ ಪ್ರಯೋಗಾಲಯದ ನಾವು.

“ಈ ಮಾಲು ಹೋದ್ರ ಹೋಗ್ಲಿ ಸರ, ಬರೋ ವರ್ಷ ಮತ್ತ ಬೆಳಿತೀವಿ” ಎಂದರು ಅಧ್ಯಕ್ಷೆ. “ಕಲಬೆರಕಿ ಹೆಂಗಸ್ರು ಅಂತ ಹೆಸರು ಬೆಳದ್ರ ಅದನ್ನ ಯಾವ ಕುಡಗೋಲ್‌ನಿಂದ ಕೊಯ್ಯೋದ್ರೀ?”

ಅಂಥ ಕುಡಗೋಲು ನಮ್ಮ ಉಗ್ರಾಣದಲ್ಲಿರಲಿಲ್ಲ. ರಸೀದಿ ಇತ್ತು. ಬರೆದುಕೊಟ್ಟೆ.

ನಮ್ಮ ವಿಚಾರಣೆಯ ಕ್ರಮವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಲಿಕ್ವಿಡ್ ಕ್ರೊಮ್ಯಾಟೋಗ್ರಫಿ ಎಂಬ ಭಾರಿ ಹೆಸರಿನ ವಿದ್ಯೆಯ ತಿರುಳು ಮಾನ್ವಿಯ ಸಂತೆಯಲ್ಲಿದೆ. ಸಂತೆಯ ಈ ತುದಿಯಿಂದ ಹತ್ತು ಜನರನ್ನು ಒಟ್ಟಿಗೆ ಒಳಗೆ ಬಿಡಿ. ಯಾರ ಪರಿಚಯವೂ ಇಲ್ಲದವನು ಸರಸರನೆ ಆ ತುದಿ ಮುಟ್ಟುತ್ತಾನೆ. ಪ್ರತಿ ಅಂಗಡಿಯಲ್ಲೂ ಬೀಗರಿರುವವನು ಕಡೆಗೆ ಬರುತ್ತಾನೆ. ನಮ್ಮ ಸಂತೆಯೆಂದರೆ ಕಾಲಮ್: ಒಳಗೆ ನುಣ್ಣನೆಯ ಸಿಲಿಕಾ ಕಣಗಳನ್ನು ಒತ್ತಿ ತುಂಬಿದ ಉಕ್ಕಿನ ಕೊಳವೆ. ಕಣಗಳ ಮೈಗೆ ಜಿಡ್ಡಿನ ಲೇಪವಿರುತ್ತದೆ. ಪಂಪು ದ್ರಾವಕವನ್ನು ತಳ್ಳುತ್ತದೆ, ದ್ರಾವಕದೊಂದಿಗೆ ಮೆಣಸಿನಕಾಯಿಯ ಸಾರ ಹೋಗುತ್ತದೆ, ಜಿಡ್ಡನ್ನು ಹೆಚ್ಚು ಪ್ರೀತಿಸುವ ಬಣ್ಣ ತಡವಾಗಿ ಹೊರಬರುತ್ತದೆ. ಬಾಗಿಲಲ್ಲಿ ಕುಳಿತ ಡಿಟೆಕ್ಟರು ಒಬ್ಬೊಬ್ಬರು ಬಂದಾಗಲೂ ಪರದೆಯ ಮೇಲೆ ಒಂದೊಂದು ಶಿಖರ ಬರೆಯುತ್ತದೆ, ಜೊತೆಗೆ ಆ ಬಣ್ಣದ ರೋಹಿತವನ್ನೂ, ಅಂದರೆ ಅದರ ಬೆರಳಚ್ಚನ್ನೂ, ತೆಗೆದುಕೊಳ್ಳುತ್ತದೆ.

ಒಂದೇ ಜಾತಿಯ ಅಣುಗಳೆಲ್ಲ ಗುಂಪು ಒಡೆಯದೆ ಒಟ್ಟಿಗೆ ಹೊರಬಂದರೆ ಶಿಖರ ಚೂಪಾಗಿರುತ್ತದೆ. ದಾರಿಯಲ್ಲಿ ಅಡ್ಡಾಡಿ ಹಿಂದೆ ಮುಂದಾದರೆ ಶಿಖರ ಬೋರಲು ಬುಟ್ಟಿಯಂತಾಗಿ ಪಕ್ಕದವನ ಮೇಲೆ ಬೀಳುತ್ತದೆ. ಈ ಶಿಸ್ತಿಗೇ ಕಾಲಮ್ಮಿನ ದಕ್ಷತೆ ಎಂದು ಹೆಸರು. ಅದನ್ನು ಅಳೆಯುವ ಮಾನಕ್ಕೆ, ಯಾವ ಪುಣ್ಯಾತ್ಮ ಇಟ್ಟನೋ, ಥಿಯರಿಟಿಕಲ್ ಪ್ಲೇಟ್ ಎಂದು ಹೆಸರು. ಪ್ಲೇಟು ಹೆಚ್ಚಿದಷ್ಟೂ ಶಿಖರ ಚೂಪು. ಈ ಪ್ಲೇಟುಗಳು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ತೊಳೆಯುವ ಅಗತ್ಯವೂ ಇಲ್ಲ.

ನಮ್ಮಲ್ಲಿದ್ದ ಕಾಲಮ್ ಉದ್ದನೆಯದು, ಒರಟು ಕಣದ್ದು, ಕಣವೆಲ್ಲ ಮೈತುಂಬ ರಂಧ್ರ. ನಾನು ಅದನ್ನು ಅಜ್ಜ ಎನ್ನುತ್ತಿದ್ದೆ. ರೈಸ್‌ಮಿಲ್ಲಿನ ತೌಡು, ಜಿನ್ನಿಂಗ್ ಕಾರ್ಖಾನೆಯ ಹತ್ತಿ ಎಳೆ, ಕರೆಂಟಿನ ಕಣ್ಣಾಮುಚ್ಚಾಲೆ, ಎಲ್ಲವನ್ನೂ ನುಂಗಿಕೊಂಡು ಎಂದೂ ಕೈಕೊಟ್ಟದ್ದಿಲ್ಲ. ಅಜ್ಜನಿಗೆ ಒಂದು ಬೆಚ್ಚನೆಯ ಪೆಟ್ಟಿಗೆಯೂ ಇತ್ತು. ಉಷ್ಣತೆ ಏರುಪೇರಾಗದಂತೆ ಕಾಲಮ್ಮನ್ನು ಕಾಯಿಸುವ ಯಂತ್ರ ಅದು. ರಾಯಚೂರಿನಲ್ಲಿ ಒಂದು ವಸ್ತುವನ್ನು ಕಾಯಿಸಲು ಯಂತ್ರ ಬೇಕು ಎಂದುಕೊಂಡವನು ಈ ಊರಿನ ಮಾರ್ಚ್ ತಿಂಗಳನ್ನು ಕಂಡಿರಲಿಕ್ಕಿಲ್ಲ. ಪೆಟ್ಟಿಗೆಗೆ ಕಾಯಿಸಲು ಬರುತ್ತದೆ, ಆರಿಸಲು ಬರುವುದಿಲ್ಲ. ಆದ್ದರಿಂದ ಕೋಣೆಗಿಂತ ಸದಾ ಒಂದು ಕೈ ಮೇಲೆಯೇ ಇಟ್ಟು ನಡೆಸುತ್ತಿದ್ದೆವು.

ಗಬ್ಬೂರಿನ ಕಾಯಿಯನ್ನು ಪುಡಿ ಮಾಡಿದೆವು. ಪುಡಿ ಮಾಡುವ ದಿನ ನಮ್ಮ ಕಟ್ಟಡದಲ್ಲಿ ಸೀನದವರು ಯಾರೂ ಇರುವುದಿಲ್ಲ, ರಜೆಯಲ್ಲಿರುವವರನ್ನು ಬಿಟ್ಟು. ಅಸಿಟೋನೈಟ್ರೈಲ್ ಎಂಬ ದ್ರಾವಕದಲ್ಲಿ ಅಲುಗಾಡಿಸಿ, ಸೋಸಿ, ಅಜ್ಜನಿಗೆ ಉಣಿಸಿದೆವು. ಕಾಯಿಯ ಸಹಜ ಬಣ್ಣದ ದೊಡ್ಡ ಶಿಖರ ಬಂತು. ಅದರ ಪಾದದ ಬಳಿ, ನಿಷಿದ್ಧ ಬಣ್ಣ ಬರಬೇಕಾದ ಜಾಗದಲ್ಲಿಯೇ, ಒಂದು ಗೂನು. ಶಿಖರವೂ ಅಲ್ಲ, ಬಯಲೂ ಅಲ್ಲ. ಬೆರಳಚ್ಚು ನೋಡಿದರೆ ಎರಡು ಕೈಗಳನ್ನು ಒಂದೇ ಕಡೆ ಒತ್ತಿದಂತಿತ್ತು.

“ಇದ್ರಾಗ ಏನೂ ಹೇಳಾಕ ಬರಂಗಿಲ್ಲ ಸರ್” ಎಂದಳು ನನ್ನ ಸಹೋದ್ಯೋಗಿ. ಮಾನ್ವಿಯ ಹುಡುಗಿ. ತಂದೆಯದು ಅಲ್ಲಿನ ಬಜಾರದಲ್ಲಿ ಕಿರಾಣಿ ಅಂಗಡಿ. ಮನೆಯಲ್ಲಿ ದಖನಿ, ಕೆಲಸದಲ್ಲಿ ಕನ್ನಡ, ಯಂತ್ರ ಕೆಟ್ಟಾಗ ಎರಡೂ. “ಅಜ್ಜಾವ್ರಿಗೆ ಕಣ್ಣು ಮಂಜಾಗ್ಯಾವ.”

“ಅಜ್ಜನ್ನ ಅನ್ನಬ್ಯಾಡವ್ವಾ. ನಿನಗಿಂತ ಹೆಚ್ಚು ಮೆಣಸಿನಕಾಯಿ ನೋಡ್ಯಾನ.”

“ನೋಡ್ಯಾರ ಸರ್. ಕಂಡಾವೋ ಇಲ್ಲೋ ಅಂತ ನನ್ನ ಪ್ರಶ್ನಿ.”

ಬೇರೆ ಬಗೆಯ ಎರಡು ಕಾಲಮ್‌ಗಳು ಕಪಾಟಿನಲ್ಲಿದ್ದವು. ಮೂರನ್ನೂ ಹೋಲಿಸಿ ಒಂದು ಟಿಪ್ಪಣಿ ಕೊಡಿ ಎಂದು ನಮ್ಮ ಮುಖ್ಯಸ್ಥರು ಹೇಳಿ ಬಹಳ ದಿನವಾಗಿತ್ತು. ನಾನು ಅದನ್ನು ಗೌರವಪೂರ್ವಕವಾಗಿ ಮುಂದೂಡುತ್ತ ಬಂದಿದ್ದೆ. ಈಗ ಗಬ್ಬೂರಿನವರ ಮಾನ ಆ ಗೂನಿನೊಳಗೆ ಸಿಕ್ಕಿಕೊಂಡಿತ್ತು. ಸ್ವಯಂವರ ಏರ್ಪಡಿಸಲೇಬೇಕಾಯಿತು.

ಮೊದಲನೆಯ ವರ ಅಜ್ಜ. ಎರಡನೆಯದು ಮೊನೊಲಿತ್: ಇದರಲ್ಲಿ ಬಿಡಿ ಕಣಗಳೇ ಇಲ್ಲ, ಒಣಗಿದ ಹೀರೆಕಾಯಿಯ ನಾರಿನಂತೆ ಒಳಗೆಲ್ಲ ಕಾಲುವೆಗಳಿರುವ ಒಂದೇ ಒಂದು ದಂಡ. ಮೂರನೆಯದು ಕೋರ್-ಶೆಲ್: ಇದರ ಪ್ರತಿ ಕಣವೂ ಬಾರಿಹಣ್ಣು. ಒಳಗೆ ಗಟ್ಟಿ ಬೀಜ, ಮೇಲೆ ತೆಳ್ಳನೆಯ ತಿರುಳು. ಅಜ್ಜನ ಕಣದೊಳಗೆ ಅಣುಗಳು ನಡುಮನೆ, ಅಡುಗೆಮನೆ, ದೇವರಕೋಣೆ ಎಲ್ಲ ಸುತ್ತಿ ಬರುತ್ತವೆ. ಬಾರಿಹಣ್ಣಿನಲ್ಲಿ ತಿರುಳಿನವರೆಗೆ ಹೋಗಿ ಬೀಜಕ್ಕೆ ಹಣೆ ಬಡಿಸಿಕೊಂಡು ಬೇಗ ಹಿಂತಿರುಗುತ್ತವೆ. ಗುಂಪು ಒಡೆಯುವುದಿಲ್ಲ. ಹಾಗೆಂದು ಪುಸ್ತಕ ಹೇಳುತ್ತದೆ.

ನಿಯಮ ಕಟ್ಟುನಿಟ್ಟು. ಒಂದೇ ದ್ರಾವಕ, ಒಂದೇ ಉಷ್ಣತೆ, ಒಂದೇ ಶುದ್ಧ ಬಣ್ಣಗಳ ಮಿಶ್ರಣ. ಪ್ರತಿ ಕಾಲಮ್ಮಿನಲ್ಲೂ ಹರಿವನ್ನು ಮೆಲ್ಲಗಿನಿಂದ ಜೋರಿನವರೆಗೆ ಏರಿಸುತ್ತ ಪ್ಲೇಟುಗಳ ಲೆಕ್ಕ, ಶಿಖರದ ಬಾಲ ಎಷ್ಟು ಜೋಲುತ್ತದೆಂಬ ಲೆಕ್ಕ, ಪಂಪಿನ ಮೇಲಿನ ಒತ್ತಡದ ಲೆಕ್ಕ. ಮೆಲ್ಲಗೆ ಬಿಟ್ಟರೆ ಅಣುಗಳು ಸುಮ್ಮನೆ ಕೂತು ಹರಡಿಕೊಳ್ಳುತ್ತವೆ, ಜೋರು ಮಾಡಿದರೆ ಹಿಂದುಳಿದವರು ಹಿಂದೆಯೇ ಉಳಿಯುತ್ತಾರೆ. ನಡುವೆ ಎಲ್ಲೋ ಒಂದು ಹದವಿರುತ್ತದೆ, ಆ ಹದ ಕಾಲಮ್ಮಿಗೊಂದು. ಅದನ್ನು ಹುಡುಕುವುದೇ ಕೆಲಸ.

ಕೆಲಸ ಶುರುವಾಗುವ ಮೊದಲೇ ಉಗ್ರಾಣದ ಮೇಲ್ವಿಚಾರಕರು ಟಿಪ್ಪಣಿಯ ಕರಡು ಹಿಡಿದು ಬಂದರು. ಅದರಲ್ಲಿ ನಾನು, ಹೆಚ್ಚು ಪ್ಲೇಟುಗಳಿರುವ ಕಾಲಮ್ಮನ್ನು ಮುಂದೆ ಖರೀದಿಗೆ ಶಿಫಾರಸು ಮಾಡಲಾಗುವುದು ಎಂದು ಬರೆದಿದ್ದೆ.

“ಪ್ಲೇಟು ನಮ್ಮಲ್ಲೇ ಬೇಕಾದಷ್ಟು ಅವ ಅಲ್ರೀ” ಎಂದರು. “ಹೋದ ಸಲದ ಟ್ರೇನಿಂಗ್ ಊಟದವು ಹಂಗೇ ಕಟ್ಟಿಟ್ಟೀನಿ. ಸ್ಟೀಲ್‌ದವು.”

“ಇವು ಸೈದ್ಧಾಂತಿಕ ಪ್ಲೇಟುಗಳ್ರೀ.”

“ಸಿದ್ಧಾಂತದ ಮ್ಯಾಲೆ ಊಟ ಹೆಂಗ ಬಡಸ್ತೀರಿ?” ಎಂದು ಕರಡನ್ನು ಮೇಜಿನ ಮೇಲಿಟ್ಟು ಹೋದರು. ನಾನು ‘ಪ್ಲೇಟು’ ಹೊಡೆದು ‘ದಕ್ಷತೆ’ ಎಂದು ತಿದ್ದಿದೆ. ಆಡಳಿತಕ್ಕೆ ದಕ್ಷತೆ ಎಂದರೆ ಏನೆಂದು ಗೊತ್ತಿಲ್ಲದ ಕಾರಣ ಮಂಜೂರಾಯಿತು.

ಅಜ್ಜ ತನ್ನ ಗತಿಯಲ್ಲಿ ನಡೆದ. ಮೊನೊಲಿತ್ ಹರಿವು ಎಷ್ಟು ಜೋರು ಮಾಡಿದರೂ ಒತ್ತಡವೇರಿಸದೆ, ಅಜ್ಜನಷ್ಟೇ ಪ್ಲೇಟು ತೋರಿಸಿ, ಅರ್ಧ ವೇಳೆಯಲ್ಲಿ ಮುಗಿಸಿತು. ಆದರೆ ಅಜ್ಜನಷ್ಟೇ ಎಂದರೆ ಗೂನೂ ಅಷ್ಟೇ. ಕಡೆಗೆ ಎಲ್ಲರ ಕಣ್ಣೂ ಇದ್ದ ಬಾರಿಹಣ್ಣು. ಅದು ಅಜ್ಜನಿಗಿಂತ ಕಡಿಮೆ ಪ್ಲೇಟು ಕೊಟ್ಟಿತು. ಮೊದಲು ಬರುವ ಶಿಖರಗಳಂತೂ ಮೈಮೇಲೆ ಲೋಡು ದಿಂಬು ಹಾಕಿಕೊಂಡಂತೆ ಬಂದವು.

ಆ ಮಧ್ಯಾಹ್ನ ನಾನು ಎಲ್ಲರಿಗೂ ಚಹ ಹೇಳಿದೆ. ಸಂತೋಷಕ್ಕೆ ಕಾರಣ ಕೇಳಿದವರಿಗೆ, ವಿಜ್ಞಾನ ನಡೆಯುತ್ತಿದೆ ಎಂದೆ.

ಮಾನ್ವಿಯವಳು ಚಹ ಮುಟ್ಟಲಿಲ್ಲ. ಪರದೆಯನ್ನೇ ನೋಡುತ್ತಿದ್ದಳು.

“ಸರ್, ಕಾಲಮ್ ಕೆಟ್ಟಿದ್ರ ಎಲ್ಲಾ ಶಿಖರನೂ ಕೆಡಬೇಕು. ಇಲ್ಲಿ ಮೊದ್ಲು ಬಂದವು ಭಾಳ ಕೆಟ್ಟಾವ, ಕಡೀಗೆ ಬಂದವು ಅಷ್ಟು ಕೆಟ್ಟಿಲ್ಲ. ತಪ್ಪು ಕಾಲಮ್ ಒಳಗಿಲ್ಲ. ಹೊರಗದ.”

“ಹೊರಗ ಏನದ? ನಾನದೀನಿ, ನೀ ಅದಿ.”

“ಪೈಪದ.”

ಅದು ನಿಜ. ಅಜ್ಜನಿಗೆಂದು ಜೋಡಿಸಿದ್ದ ದಪ್ಪ ತೂತಿನ ಉದ್ದ ಪೈಪುಗಳನ್ನೇ ಬಾರಿಹಣ್ಣಿಗೂ ಸಿಕ್ಕಿಸಿದ್ದೆವು. ಅಜ್ಜನ ಶಿಖರಗಳು ಅಗಲವಾದ್ದರಿಂದ ಪೈಪಿನಲ್ಲಿ ಇನ್ನಷ್ಟು ಹರಡಿದರೂ ಗೊತ್ತಾಗುತ್ತಿರಲಿಲ್ಲ. ಬಾರಿಹಣ್ಣಿನದು ಸಣ್ಣ ಕೊಳವೆ, ಚೂಪು ಶಿಖರ. ಕಷ್ಟಪಟ್ಟು ಕಟ್ಟಿದ ಶಿಸ್ತೆಲ್ಲ ಬಾಗಿಲು ದಾಟಿದ ಕೂಡಲೆ ಅಂಗಳದಲ್ಲಿ ಚೆಲ್ಲಾಪಿಲ್ಲಿಯಾಗುತ್ತಿತ್ತು. ಬಿಚ್ಚಿ ನೋಡಿದರೆ ಇನ್ನೊಂದು. ಪೈಪಿನ ತುದಿಯ ಉಕ್ಕಿನ ಬಳೆ ಅಜ್ಜನ ಬಾಯಿಯ ಆಳಕ್ಕೆ ಕಚ್ಚಿ ಕುಳಿತಿತ್ತು. ಹೊಸ ಕಾಲಮ್ಮಿನ ಬಾಯಿ ಆಳ, ಪೈಪು ತಳ ಮುಟ್ಟದೆ ನಡುವೆ ಒಂದು ಸಂದು ಉಳಿದಿತ್ತು. ಸೋರುವುದಿಲ್ಲವಾದ್ದರಿಂದ ಹೊರಗೆ ಏನೂ ಕಾಣದು. ಒಳಗೆ ಆ ಸಂದಿನಲ್ಲಿ ಅಣುಗಳು ಹೆದ್ದಾರಿ ಬದಿಯ ಢಾಬಾದಲ್ಲಿ ಇಳಿದವರಂತೆ ಕುಳಿತುಬಿಡುತ್ತಿದ್ದವು.

ಸಣ್ಣ ತೂತಿನ ಗಿಡ್ಡ ಪೈಪು ಹುಡುಕಿ, ಹೊಸ ಬಳೆಯನ್ನು ಹೊಸ ಬಾಯಿಯಲ್ಲೇ ಕೂರಿಸಿ ಬಿಗಿದೆವು. ಒಳಗೆ ಬಿಡುವ ಸಾರವನ್ನು ಕಡಿಮೆ ಮಾಡಿ, ಅದಕ್ಕೆ ತುಸು ನೀರು ಬೆರೆಸಿದೆವು. ಡಿಟೆಕ್ಟರು ಎಣಿಸುವ ವೇಗ ಹೆಚ್ಚಿಸಿದೆವು. ಇದೆಲ್ಲದರ ನಡುವೆ ಎರಡು ಸಲ ಕರೆಂಟು ಹೋಗಿ, ಎರಡು ಸಲವೂ ಮೊದಲಿನಿಂದ ಕಾಯಿಸಿ ಸಮಸ್ಥಿತಿಗೆ ತಂದೆವು. ಮತ್ತೆ ಮೂವರು ವರರನ್ನೂ ಓಡಿಸಿದೆವು. ಅಜ್ಜನಲ್ಲಿ ಕೂದಲೆಳೆಯ ಬದಲಾವಣೆ. ಬಾರಿಹಣ್ಣಿನ ಶಿಖರಗಳು ಮಾತ್ರ ದಬ್ಬಣದಂತೆ ಎದ್ದು ನಿಂತವು. ಅಜ್ಜನ ಅರ್ಧ ಉದ್ದವೂ ಇಲ್ಲದ ಕೊಳವೆ ಅವನಿಗಿಂತ ಹೆಚ್ಚು ಪ್ಲೇಟು ಕೊಟ್ಟಿತು. ಪಂಪಿನ ಒತ್ತಡ ಏರಿತು, ನನ್ನದೂ.

“ಚಹ ಹೇಳ್ತೀರೇನ್ರೀ ಸರ್?” ಎಂದಳು.

ಹೇಳಿದೆ.

ಈಗ ಗಬ್ಬೂರಿನ ಸಾರದ ಸರದಿ. ನನ್ನ ಮನಸ್ಸಿನಲ್ಲಿ ತೀರ್ಪು ಆಗಲೇ ಬರೆದಾಗಿತ್ತು: ಗೂನು ಬಿಚ್ಚಿಕೊಳ್ಳುತ್ತದೆ, ಕಾಯಿಯದೇ ಯಾವುದೋ ಸಹಜ ಬಣ್ಣ ಎಂದು ಸಾಬೀತಾಗುತ್ತದೆ, ಅಧ್ಯಕ್ಷೆಗೆ ನಾನೇ ಫೋನು ಮಾಡುತ್ತೇನೆ. ಗೂನು ಬಿಚ್ಚಿಕೊಂಡಿತು. ಸಹಜ ಬಣ್ಣ ಒಂದು ಕಡೆ ಸರಿದು ನಿಂತಿತು. ಅದರ ಪಕ್ಕದಲ್ಲಿ, ಚಿಕ್ಕದಾಗಿ, ಚೊಕ್ಕದಾಗಿ, ಯಾರ ಹೆಗಲಿಗೂ ಒರಗದೆ, ನಿಷಿದ್ಧ ಬಣ್ಣದ ಶಿಖರ.

ಬರೀ ದ್ರಾವಕವನ್ನು ಓಡಿಸಿದೆವು, ಹಿಂದಿನದೇನಾದರೂ ಉಳಿದು ಬಂದಿದೆಯೋ ಎಂದು. ಇರಲಿಲ್ಲ. ಸಾರಕ್ಕೆ ಅದೇ ನಿಷಿದ್ಧ ಬಣ್ಣದ ಶುದ್ಧ ತೊಟ್ಟೊಂದನ್ನು ಸೇರಿಸಿ ನೋಡಿದೆವು, ಎರಡಾಗಿ ಒಡೆಯುತ್ತದೋ ಎಂದು. ಒಡೆಯದೆ ಅದೇ ಶಿಖರ ಬೆಳೆಯಿತು. ಬೆರಳಚ್ಚೂ ತಾಳೆಯಾಯಿತು.

ನಮ್ಮ ಅಧಿಕೃತ ವಿಧಾನದ ಕಾಗದದಲ್ಲಿ ಇದ್ದದ್ದು ಅಜ್ಜನ ಹೆಸರು. ಬಾರಿಹಣ್ಣು ಇನ್ನೂ ಉಮೇದುವಾರ. ಅಜ್ಜ ಬರೆದ ಗೂನಿನ ಚಿತ್ರವನ್ನೇ ಲಗತ್ತಿಸಿ ‘ದೃಢಪಟ್ಟಿಲ್ಲ’ ಎಂದು ಬರೆದರೆ ನಿಯಮದಂತೆ ತಪ್ಪಿಲ್ಲ, ಕೇಳುವವರೂ ಇಲ್ಲ. ಮಂಜುಗಣ್ಣಿಗೆ ಇರುವಷ್ಟು ದಯೆ ಚುರುಕುಗಣ್ಣಿಗೆ ಇರುವುದಿಲ್ಲ ಎಂದು ಆಗ ಅನಿಸಿತು. ಪೆನ್ನು ಕೈಯಲ್ಲಿತ್ತು.

“ಬರಿಯಬಹುದು ಸರ್” ಎಂದಳು ನನ್ನ ಮನಸ್ಸನ್ನು ಓದಿದವಳಂತೆ. “ಆದ್ರ ನಾವು ನೋಡಿಬಿಟ್ಟೀವಲ್ಲ.”

ಪೆನ್ನು ಕೆಳಗಿಟ್ಟೆ. “ಹಂಗಾದ್ರ ಅವ್ರೇ ಹಾಕ್ಯಾರ ಅಂತಿಯೇನು?”

“ಅಲ್ಲೇ ನನಗ ಹೊಂದಾಣಿಕಿ ಆಗವಲ್ದು. ಇಷ್ಟೇ ಇಷ್ಟು ಬಣ್ಣಕ್ಕ ಒಂದು ಕಾಯಿನೂ ಕೆಂಪಾಗಂಗಿಲ್ಲ. ಕಳವು ಮಾಡೋರು ಇಷ್ಟು ಜಿಪುಣರಿರ್ತಾರೇನ್ರೀ?”

ಪೊಟ್ಟಣದಲ್ಲಿ ಉಳಿದ ಕಾಯಿಯನ್ನು ಮೂರು ಪಾಲು ಮಾಡಿ ಬೇರೆಬೇರೆ ಓಡಿಸಿದೆವು. ಒಂದರಲ್ಲಿ ಬಣ್ಣ ಹೆಚ್ಚು, ಒಂದರಲ್ಲಿ ಹೆಸರಿಗಷ್ಟೇ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಬೇಕೆಂದು ಬೆರೆಸಿದವರು ಕಲಸಿ ಬೆರೆಸುತ್ತಾರೆ. ಇದು ಎಲ್ಲಿಂದಲೋ ಉದುರಿದ್ದು. ವರದಿ ತಡೆದು, ರಾಶಿಯನ್ನೇ ನೋಡಿ ಬರುವುದೆಂದು ನಿರ್ಧರಿಸಿದೆ.

ಮರುದಿನ ದೇವದುರ್ಗದ ಬಸ್ಸು ಹತ್ತಿ ಗಬ್ಬೂರಿನಲ್ಲಿ ಇಳಿದೆವು. ಕೈಗವಸು, ಸ್ಟೀಲಿನ ಚಿಮ್ಮಟ, ಹೊಸ ಕವರುಗಳ ಗಂಟು ನೋಡಿ ಕಂಡಕ್ಟರು, “ಆಪರೇಷನ್ ಯಾರಿಗ್ರೀ?” ಎಂದ. ಊರ ಹೊರಗಿನ ಕಣದಲ್ಲಿ ರಾಶಿ ಇತ್ತು. ತಾಡಪಾಲು ಸರಿಸಿದರೆ ಕಣ್ಣು ಕುಕ್ಕುವ ಕೆಂಪು. ಅಂಥ ಕೆಂಪಿಗೆ ಬಣ್ಣ ಹಾಕುವುದು ಎಂದರೆ ಕೃಷ್ಣಾ ಹೊಳೆಗೆ ಕೊಡದಲ್ಲಿ ನೀರು ಹೊತ್ತಂತೆ. ಸಂಘದ ಹೆಣ್ಣುಮಕ್ಕಳು ಸುತ್ತ ನಿಂತಿದ್ದರು. ನಾನು ಕೈಗವಸು ಹಾಕಿಕೊಂಡು ಮುಂದೆ ಹೋದೆ.

“ನಿಲ್ರೀ ಸರ!” ಎಂದರು ಅಧ್ಯಕ್ಷೆ. “ಹೊರಗಿನವ್ರು ರಾಶಿ ಮುಟ್ಟೂಕಿಂತ ಮೊದ್ಲು ಲಕ್ಷ್ಮಿಗೆ ಕುಂಕುಮ ಏರಸ್ಬೇಕ್ರೀ. ಪದ್ಧತಿ.”

ಸೆರಗಿನ ಮರೆಯಿಂದ ಒಂದು ಡಬ್ಬಿ ತೆಗೆದು, ರಾಶಿಯ ನೆತ್ತಿಗೆ ಚಿಟಿಕೆ ಚಿಟಿಕೆಯಾಗಿ ಏರಿಸತೊಡಗಿದರು. ನಾನು ಭಕ್ತಿಯಿಂದ ಕೈಮುಗಿದೆ. ಗವಸು ಹಾಕಿದ ಕೈ.

“ನಕ್ಕೋ! ನಕ್ಕೋ ನಕ್ಕೋ!” ಎಂದು ಚೀರಿದಳು ಮಾನ್ವಿಯವಳು. ಬೇಡ ಎನ್ನುವಷ್ಟು ಕನ್ನಡವೂ ಬಿಟ್ಟುಹೋಗಿತ್ತು. ಆಮೇಲೆ ಉಸಿರು ತೆಗೆದುಕೊಂಡು, “ಅಕ್ಕಾರ, ಸ್ವಲ್ಪ ತಡೀರಿ. ಕಂಪನಿಯವ್ರು ಸ್ಯಾಂಪಲ್ ಒಯ್ಯಾಕ ಬಂದಾಗನೂ ಹಿಂಗ ಏರಿಸಿದ್ರೇನು?”

“ಮತ್ತ? ಅವ್ರೇನು ಒಳಗಿನವ್ರೇನವ್ವಾ?”

“ನಮಗ ಪೊಟ್ಲಾ ತಂದ್ರಲ್ಲ, ಅದಕ್ಕ?”

“ಅದಕ್ಕಂತೂ ಹೆಚ್ಚೇ ಏರಿಸ್ದೆ. ಸರಕಾರಿ ಕೆಲಸ ನೋಡು, ಛಲೋ ಆಗ್ಲಿ ಅಂತ. ಮ್ಯಾಲಿಂದೇ ತಗದೆ, ಕುಂಕುಮ ಬಿದ್ದಿದ್ದು. ಪರಸಾದ ಇದ್ದಂಗ.”

ಹೀಗೆ, ಪರೀಕ್ಷೆಗೆಂದು ಯಾರು ಬಂದರೂ ಅವರಿಗೆ ಮೊದಲು ಕುಂಕುಮ, ಆಮೇಲೆ ಮಾದರಿ. ಡಬ್ಬಿಯನ್ನು ಕೈಗೆ ತೆಗೆದುಕೊಂಡು ನೋಡಿದೆ. ಅರಿಷಿಣದಿಂದ ಮಾಡಿದ ಕುಂಕುಮಕ್ಕೆ ಇಷ್ಟು ಹೊಳಪು ಬರುವುದಿಲ್ಲ.

ವಿಷಯ ತಿಳಿಸಿ ಹೇಳಿದಾಗ ಕಣದಲ್ಲಿ ಗುಸುಗುಸು ಎದ್ದಿತು. ಎಲ್ಲರಿಗಿಂತ ಹಿರಿಯಾಕೆ ಮುಂದೆ ಬಂದಳು. “ಯಪ್ಪಾ, ಲಕ್ಷ್ಮಿಗೆ ಏರಿಸಿದ್ದು ಕಲಬೆರಕಿ ಹೆಂಗ ಆಗ್ತದ?”

ನಾನು ಓದಿದ ಯಾವ ಕೈಪಿಡಿಯಲ್ಲೂ ಈ ಪ್ರಶ್ನೆಯನ್ನು ಎತ್ತಿಕೊಂಡಿಲ್ಲ.

“ಯವ್ವಾ, ಲಕ್ಷ್ಮೀದೂ ತಪ್ಪಿಲ್ಲ, ನಿಮ್ದೂ ತಪ್ಪಿಲ್ಲ” ಎಂದಳು ಮಾನ್ವಿಯವಳು. “ತಪ್ಪು ಡಬ್ಬ್ಯಾಗದ. ಇದೇ ಡಬ್ಬಿ ನಮ್ಮ ಅಬ್ಬಾ ಅಂಗಡ್ಯಾಗೂ ಮಾರ್ತಾರ. ನಾನೇ ಜೋಡಿಸಿಟ್ಟೀನಿ.” ಆಮೇಲೆ ಬೇವಿನ ಗಿಡದ ಕೆಳಗೆ ಹೋಗಿ ತಂದೆಗೆ ಫೋನು ಮಾಡಿದಳು. ದಖನಿಯಲ್ಲಿ ನಡೆದ ಆ ಮಾತಿನಲ್ಲಿ ನನಗೆ ಅರ್ಥವಾದದ್ದು, ಲಾಲ್ ಡಬ್ಬಾ ಮತ್ತು ನಕ್ಕೋ.

ರಾಶಿಯ ನೆತ್ತಿಯಿಂದ, ನಡುವಿನಿಂದ, ಬುಡದಿಂದ, ನಾಲ್ಕೂ ಬದಿಯ ಒಡಲಿನಿಂದ ಬೇರೆಬೇರೆ ಕವರಿಗೆ ಮಾದರಿ ತೆಗೆದೆವು. ಡಬ್ಬಿಯನ್ನೂ ಒಂದು ಕವರಿಗೆ ಹಾಕಿದೆವು. ರಾಯಚೂರಿನಲ್ಲಿ ಎಲ್ಲವನ್ನೂ ಮೊದಲು ಅಜ್ಜನಿಗೆ, ಆಮೇಲೆ ಬಾರಿಹಣ್ಣಿಗೆ ಕೊಟ್ಟೆವು. ಕುಂಕುಮದಲ್ಲಿ ಅದೇ ಶಿಖರ, ಅದೇ ಬೆರಳಚ್ಚು. ನೆತ್ತಿಯ ಕಾಯಿಯಲ್ಲಿ ಅದು ಇತ್ತು. ನಡುವಿನಲ್ಲಿ, ಬುಡದಲ್ಲಿ, ಒಡಲಿನಲ್ಲಿ ಇರಲಿಲ್ಲ. ಅಜ್ಜನಿಗೆ ಮಾತ್ರ ಎಲ್ಲ ಕಡೆಯೂ ಪಾದದ ಬಳಿ ಒಂದಿಷ್ಟು ಗೂನು ಕಾಣುತ್ತಿತ್ತು. ಅವನ ತೀರ್ಪನ್ನೇ ನಂಬಿದ್ದರೆ ಇಡೀ ರಾಶಿ ಅನುಮಾನದಲ್ಲಿಯೇ ಉಳಿಯುತ್ತಿತ್ತು. ಮಂಜುಗಣ್ಣಿನ ದಯೆಯ ಬಗ್ಗೆ ನಾನು ಕಟ್ಟಿಕೊಂಡಿದ್ದ ಸಿದ್ಧಾಂತ ಅಲ್ಲಿಗೆ ಮುಗಿಯಿತು. ಅವನನ್ನು ಕ್ಯಾಪು ಹಾಕಿ ಕಪಾಟಿನಲ್ಲಿ ಮಲಗಿಸುವಾಗ ಮೈಯನ್ನೊಮ್ಮೆ ಒರೆಸಿದೆ. ತೌಡು ಕೂತಿತ್ತು.

ವರದಿಯಲ್ಲಿ ಎಲ್ಲವನ್ನೂ ಬರೆದೆವು: ಮೊದಲ ಪೊಟ್ಟಣದಲ್ಲಿ ಸಿಕ್ಕಿದ್ದು, ಡಬ್ಬಿಯಲ್ಲಿ ಸಿಕ್ಕಿದ್ದು, ಒಡಲಿನಲ್ಲಿ ಸಿಗದಿದ್ದದ್ದು, ಯಾವ ಕಾಲಮ್ ಏನು ಕಂಡಿತು ಏನು ಕಾಣಲಿಲ್ಲ ಎಂಬುದು. ಕಂಪನಿಯ ಗುಣಮಟ್ಟದ ಅಧಿಕಾರಿ ಫೋನು ಮಾಡಿದರು.

“ಇಷ್ಟುದ್ದ ಯಾಕ್ರೀ? ಪಾಸೋ ಫೇಲೋ ಒಂದ್ ಮಾತು ಹೇಳ್ರಿ.”

“ರಾಶಿ ಪಾಸು, ನೆತ್ತಿ ಫೇಲು.”

“ನೆತ್ತಿ ತಗಸ್ರಿ, ನಾನೇ ಬಂದು ಒಳಗಿಂದು ತಗೀತೀನಿ” ಎಂದರು.

ನೆತ್ತಿ ತೆಗೆಯುವ ದಿನ ನಾವೂ ಹೋದೆವು. ನಾನು ಒಂದು ಮೊಳ ಸಾಕು ಎಂದೆ. ಅಧ್ಯಕ್ಷೆ ಎರಡು ಮೊಳ ತೆಗೆಸಿದರು. ಸುಟ್ಟರೆ ಘಾಟಿಗೆ ಊರೇ ಬಿಡಬೇಕಾಗುತ್ತದೆ, ಆದ್ದರಿಂದ ತಗ್ಗು ತೋಡಿದ್ದರು. ಹಿರಿಯಾಕೆ ತನ್ನ ಪಾಲಿನ ಬುಟ್ಟಿಯನ್ನು ತಗ್ಗಿಗೆ ಸುರಿಯದೆ ಬಹಳ ಹೊತ್ತು ಸೊಂಟದ ಮೇಲೆ ಇಟ್ಟುಕೊಂಡೇ ನಿಂತಿದ್ದಳು. ಯಾರೂ ಅವಸರ ಮಾಡಲಿಲ್ಲ. ಮಾನ್ವಿಯವಳು ಹೋಗಿ ಬುಟ್ಟಿಯ ಇನ್ನೊಂದು ಅಂಚು ಹಿಡಿದಳು. ಇಬ್ಬರೂ ಸೇರಿ ಸುರಿದರು. ಮಣ್ಣು ಮುಚ್ಚುವ ಮೊದಲು ಹೆಣ್ಣುಮಕ್ಕಳು ಕೈಮುಗಿದರು. ನಾನೂ ಮುಗಿದೆ, ಈ ಸಲ ಗವಸಿಲ್ಲದೆ.

ಕಂಪನಿಯ ಅಧಿಕಾರಿ ತಾವೇ ಬಂದು ರಾಶಿಯ ಒಡಲಿಗೆ ಕೈಹಾಕಿ ಮಾದರಿ ಒಯ್ದರು. ಅವರ ಕಡೆಯೂ ಏನೂ ಸಿಗಲಿಲ್ಲ. ಲಾರಿ ಬಂತು. ಲಾರಿ ತುಂಬುವ ಸದ್ದನ್ನು ಅಧ್ಯಕ್ಷೆ ಫೋನಿನಲ್ಲಿ ಹಿಡಿದು ನನಗೆ ಕೇಳಿಸಿದರು. ಚೀಲ ಬೀಳುವ ಸದ್ದಿನ ನಡುವೆ ಯಾರೋ ಯಾರಿಗೋ ಬೈಯುತ್ತಿದ್ದರು, ಎಲ್ಲರೂ ನಗುತ್ತಿದ್ದರು.

ಈ ವರ್ಷ ಕಾಯಿ ಕಣಕ್ಕೆ ಬಂದ ಸುದ್ದಿಯೂ ಅವರಿಂದಲೇ ಬಂತು.

“ಸರ, ನಾಳಿಗಿ ರಾಶಿ ಮಾಡಾಕತ್ತೀವಿ. ನೀವು ಮುಂಜಾನಿ ಲಗೂನ ಬರ್ರಿ. ಆ ಮಾನ್ವಿ ಹುಡುಗೀನೂ ಕರ್ಕೊಂಡು ಬರ್ರಿ.”

“ಪೂಜೆಗೇನ್ರೀ?”

“ಪೂಜಿ ಆಮ್ಯಾಲ್ರೀ. ಮೊದ್ಲು ನೀವು ಮುಟ್ಟಿ ನಿಮ್ಮ ಸ್ಯಾಂಪಲ್ ತಗೊಂಡುಬಿಡ್ರಿ, ಆಮ್ಯಾಲೆ ಲಕ್ಷ್ಮೀದು.”

ಐನೂರು ವರ್ಷದ ಪದ್ಧತಿಯನ್ನು ನನ್ನಂಥವನ ಸಲುವಾಗಿ ಹಿಂದುಮುಂದು ಮಾಡುವುದು ಸರಿಕಾಣದೆ, “ಲಕ್ಷ್ಮಿ ಏನೂ ಅನ್ನಂಗಿಲ್ಲೇನ್ರೀ?” ಎಂದೆ.

“ಇಲ್ಲ ಬಿಡ್ರಿ” ಎಂದರು ಅಧ್ಯಕ್ಷೆ. “ನಾ ಕೇಳೀನಿ ಆಕಿನ್ನ.”